ಕಾರ್ಯಸ್ಥಳದಲ್ಲಿ ಸಮಾನತೆ ಮತ್ತು ವೈವಿಧ್ಯ ತರಬೇತಿ

ಲಿಂಗ, ಜಾತಿ, ಧರ್ಮ, ಭಾಷೆ, ವಯಸ್ಸು, ಅಂಗವೈಕಲ್ಯ ಮೊದಲಾದ ಕಾರಣಗಳಿಂದ ಯಾರ ಅವಕಾಶವೂ ಕೈತಪ್ಪದಂತೆ, ಯಾರ ಘನತೆಗೂ ಕುಂದು ಬಾರದಂತೆ ನಡೆದುಕೊಳ್ಳುವುದನ್ನು ಮಾಲೀಕರು ತಮ್ಮ ಸಿಬ್ಬಂದಿಗೆ ಕ್ರಮಬದ್ಧವಾಗಿ ಕಲಿಸುವ ಏರ್ಪಾಡೇ ಸಮಾನತೆ ಮತ್ತು ವೈವಿಧ್ಯ ತರಬೇತಿ. ಕಾರ್ಖಾನೆ, ಕಚೇರಿ, ಆಸ್ಪತ್ರೆ, ಬ್ಯಾಂಕು, ಶಾಲೆ, ಹೋಟೆಲು ಹೀಗೆ ಜನರು ಕೂಲಿಗೋ ಸಂಬಳಕ್ಕೋ ಒಟ್ಟಾಗಿ ದುಡಿಯುವ ಎಲ್ಲ ಸ್ಥಳಗಳಿಗೂ ಇದು ಅನ್ವಯಿಸುತ್ತದೆ. ಭಾರತದಲ್ಲಿ ಇದರ ಒಂದು ಭಾಗವನ್ನು ಕಾನೂನೇ ಕಡ್ಡಾಯಗೊಳಿಸಿದೆ. ಉಳಿದ ಭಾಗವು ಸಂಸ್ಥೆಗಳ ವಿವೇಚನೆಗೆ ಬಿಟ್ಟದ್ದಾಗಿದೆ.

ಅರ್ಥ ಮತ್ತು ವ್ಯಾಪ್ತಿ

ಸಮಾನತೆ ಎಂದರೆ ಎಲ್ಲರನ್ನೂ ಒಂದೇ ಅಳತೆಗೋಲಿನಿಂದ ಅಳೆಯುವುದು ಎಂಬ ತಿಳಿವಳಿಕೆ ಸಾಮಾನ್ಯವಾಗಿದೆ. ಅದು ಅರ್ಧ ಸತ್ಯ ಮಾತ್ರ. ಸಂದರ್ಶನವನ್ನು ಲಿಫ್ಟ್ ಇಲ್ಲದ ಕಟ್ಟಡದ ಎರಡನೆಯ ಮಹಡಿಯಲ್ಲಿ ಏರ್ಪಡಿಸಿ, ಎಲ್ಲ ಅಭ್ಯರ್ಥಿಗಳೂ ಮೆಟ್ಟಿಲು ಹತ್ತಿ ಬರಬೇಕು ಎಂದು ಸೂಚಿಸಿದರೆ ನಿಯಮವೇನೋ ಎಲ್ಲರಿಗೂ ಒಂದೇ ಆಗಿರುತ್ತದೆ. ಆದರೆ ಗಾಲಿಕುರ್ಚಿ ಬಳಸುವ ಅಭ್ಯರ್ಥಿಗೆ ಅವಕಾಶ ಅಲ್ಲಿಯೇ ಮುಗಿಯುತ್ತದೆ. ಆದ್ದರಿಂದ ಸಮಾನತೆಯು ಅವಕಾಶದ ಸಮಾನತೆಯಾಗಿದೆ. ಅದನ್ನು ಸಾಧಿಸಲು ಕೆಲವೊಮ್ಮೆ ಬೇರೆಬೇರೆಯವರನ್ನು ಬೇರೆಬೇರೆ ಬಗೆಯಲ್ಲಿ ಕಾಣಬೇಕಾಗುತ್ತದೆ.

ವೈವಿಧ್ಯವು ಸಿಬ್ಬಂದಿಯಲ್ಲಿ ಹಲವು ಹಿನ್ನೆಲೆಗಳ ಜನರ ಇರುವಿಕೆಯನ್ನು ಸೂಚಿಸುತ್ತದೆ. ಹಾಗೆ ಬಂದವರ ಮಾತಿಗೆ ಬೆಲೆ ಸಿಗುವಂತೆ, ಅವರಿಗೂ ಬಡ್ತಿ ಮತ್ತು ಹೊಣೆಗಾರಿಕೆ ದೊರೆಯುವಂತೆ ನೋಡಿಕೊಳ್ಳುವುದು ಒಳಗೊಳ್ಳುವಿಕೆ ಎನಿಸುತ್ತದೆ. ಲೆಕ್ಕದ ಪಟ್ಟಿಯಲ್ಲಿ ವೈವಿಧ್ಯವಿದ್ದು ನಿತ್ಯದ ವ್ಯವಹಾರದಲ್ಲಿ ಒಳಗೊಳ್ಳುವಿಕೆ ಇಲ್ಲದಿರುವುದು ಸಾಧ್ಯ.

ಈ ತರಬೇತಿಯನ್ನು ಮೀಸಲಾತಿಯೊಂದಿಗೆ ಬೆರೆಸಿ ನೋಡಬಾರದು. ಸರ್ಕಾರಿ ಸೇವೆಯಲ್ಲಿ ಹಿಂದುಳಿದ ಸಮುದಾಯಗಳ ಪ್ರಾತಿನಿಧ್ಯದ ಪ್ರಶ್ನೆಯನ್ನು ಮೈಸೂರು ಸಂಸ್ಥಾನವು ಬಹಳ ಹಿಂದೆಯೇ ಕೈಗೆತ್ತಿಕೊಂಡಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ 1918ರಲ್ಲಿ ನೇಮಕವಾದ ಲೆಸ್ಲಿ ಮಿಲ್ಲರ್ ಸಮಿತಿ ಅದಕ್ಕೆ ಸಾಕ್ಷಿ. ಮೀಸಲಾತಿಯು ಯಾರು ಒಳಗೆ ಬರುತ್ತಾರೆ ಎಂಬುದನ್ನು ನಿರ್ಧರಿಸುತ್ತದೆ. ಒಳಗೆ ಬಂದವರನ್ನು ಉಳಿದವರು ಹೇಗೆ ನಡೆಸಿಕೊಳ್ಳುತ್ತಾರೆ ಎಂಬುದು ತರಬೇತಿಯ ವಿಷಯ.

ತಾರತಮ್ಯದ ಬಗೆಗಳು

ತರಬೇತಿಯ ಮೊದಲ ಪಾಠವು ತಾರತಮ್ಯವನ್ನು ಗುರುತಿಸುವುದಾಗಿದೆ. ಇದನ್ನು ಸ್ಥೂಲವಾಗಿ ನಾಲ್ಕು ಬಗೆಗಳಾಗಿ ವಿಂಗಡಿಸಲಾಗುತ್ತದೆ.

ನೇರ ತಾರತಮ್ಯದಲ್ಲಿ ಕಾರಣ ಬಹಿರಂಗವಾಗಿರುತ್ತದೆ. ಮದುವೆಯಾದ ಹೆಣ್ಣುಮಕ್ಕಳನ್ನು ಈ ಹುದ್ದೆಗೆ ತೆಗೆದುಕೊಳ್ಳುವುದಿಲ್ಲ ಎನ್ನುವುದು ಇದಕ್ಕೆ ಉದಾಹರಣೆ. ಪರೋಕ್ಷ ತಾರತಮ್ಯದಲ್ಲಿ ನಿಯಮವು ಮೇಲ್ನೋಟಕ್ಕೆ ತಟಸ್ಥವಾಗಿದ್ದು ಅದರ ಭಾರ ಒಂದು ಗುಂಪಿನ ಮೇಲೆ ಹೆಚ್ಚಾಗಿ ಬೀಳುತ್ತದೆ. ಬಡ್ತಿಗೆ ಅರ್ಹರಾಗಲು ಸಂಜೆ ಏಳರ ನಂತರದ ಸಭೆಗಳಿಗೆ ಹಾಜರಾಗಲೇಬೇಕು ಎಂಬ ರೂಢಿಯು ಎಳೆಯ ಮಕ್ಕಳ ತಾಯಂದಿರನ್ನು ತಾನಾಗಿಯೇ ಹೊರಗಿಡುತ್ತದೆ. ಮೂರನೆಯದು ಕಿರುಕುಳ: ವ್ಯಕ್ತಿಯ ಘನತೆಯನ್ನು ಕುಗ್ಗಿಸುವ ಮಾತು, ಸನ್ನೆ, ಹಾಸ್ಯ, ಸ್ಪರ್ಶಗಳು ಇದರಲ್ಲಿ ಸೇರುತ್ತವೆ. ನಾಲ್ಕನೆಯದು ಪ್ರತೀಕಾರ. ದೂರು ಕೊಟ್ಟವರನ್ನೂ ಸಾಕ್ಷಿ ನುಡಿದವರನ್ನೂ ವರ್ಗಾವಣೆ, ಕಡಿಮೆ ಅಂಕ, ಬಹಿಷ್ಕಾರಗಳ ಮೂಲಕ ಕಾಡುವುದನ್ನು ಹೀಗೆ ಕರೆಯುತ್ತಾರೆ.

ಈ ನಾಲ್ಕರ ಹಿಂದೆಯೂ ಕೆಲಸ ಮಾಡಬಲ್ಲ ಅಂಶವೊಂದಿದೆ. ಅದು ಅರಿವಿಗೆ ಬಾರದ ಪೂರ್ವಗ್ರಹ. ಸಂದರ್ಶಕರು ತಮ್ಮೂರಿನ, ತಮ್ಮ ಭಾಷೆಯ, ತಾವು ಓದಿದ ಕಾಲೇಜಿನ ಅಭ್ಯರ್ಥಿಯನ್ನು ಕಂಡಾಗ ಸಲೀಸಾಗಿ ನಗುತ್ತಾರೆ, ಸುಲಭದ ಪ್ರಶ್ನೆ ಕೇಳುತ್ತಾರೆ. ಕೊನೆಗೆ ಆತನಲ್ಲಿ ಆತ್ಮವಿಶ್ವಾಸ ಚೆನ್ನಾಗಿದೆ ಎಂದು ಬರೆಯುತ್ತಾರೆ. ಇಲ್ಲಿ ದುರುದ್ದೇಶವಿಲ್ಲ. ಆದರೂ ಇನ್ನೊಬ್ಬ ಅಭ್ಯರ್ಥಿಗೆ ಅನ್ಯಾಯವಾಗಿರುತ್ತದೆ.

ಭಾರತದ ಸಂದರ್ಭದಲ್ಲಿ ಜಾತಿಯ ವಿಚಾರಣೆ ನೇರವಾಗಿ ನಡೆಯುವುದು ಅಪರೂಪ. ಅಡ್ಡಹೆಸರು ಏನು, ಮನೆದೇವರು ಯಾವುದು, ಊಟಕ್ಕೆ ಏನೇನು ನಡೆಯುತ್ತದೆ ಎಂಬ ಸೌಜನ್ಯದ ಪ್ರಶ್ನೆಗಳ ಒಳಗೆ ‘ನೀವು ಯಾವ ಜನ’ ಎಂಬ ಹಳೆಯ ಪ್ರಶ್ನೆ ಅಡಗಿರುತ್ತದೆ. ಈ ರೂಢಿಯು ವಲಸೆಯೊಂದಿಗೆ ಪರದೇಶಕ್ಕೂ ಹೋಗಿದೆ. ಕರ್ನಾಟಕದವರೂ ಸೇರಿದಂತೆ ಅನೇಕ ಭಾರತೀಯ ತಂತ್ರಜ್ಞರು ದುಡಿಯುವ ಅಮೆರಿಕದ ಸಿಯಾಟಲ್ ನಗರವು 2023ರ ಫೆಬ್ರವರಿಯಲ್ಲಿ ಜಾತಿ ತಾರತಮ್ಯವನ್ನು ನಿಷೇಧಿಸಿತು. ಅಮೆರಿಕದ ನಗರಗಳ ಪೈಕಿ ಹಾಗೆ ಮಾಡಿದ ಮೊದಲನೆಯದು ಅದು.

ನಿಯಮದೊಳಗೆ ಅಡಗಿದ್ದ ತಾರತಮ್ಯ

ತಾರತಮ್ಯವು ದುಷ್ಟರ ಕೃತ್ಯ ಮಾತ್ರವಲ್ಲ, ಗೌರವಸ್ಥ ಸಂಸ್ಥೆಗಳ ಲಿಖಿತ ನಿಯಮವೂ ಆಗಿರಬಲ್ಲದು ಎಂಬುದಕ್ಕೆ ಭಾರತದ ನ್ಯಾಯಾಂಗ ಇತಿಹಾಸದಲ್ಲಿ ನಿದರ್ಶನಗಳಿವೆ.

ಕೊಡಗಿನ ವಿರಾಜಪೇಟೆಯಲ್ಲಿ ಜನಿಸಿದ ಸಿ. ಬಿ. ಮುತ್ತಮ್ಮ 1949ರಲ್ಲಿ ಭಾರತೀಯ ವಿದೇಶಾಂಗ ಸೇವೆಯನ್ನು ಸೇರಿದರು. ಆ ಸೇವೆಯ ಮೊದಲ ಮಹಿಳಾ ಅಧಿಕಾರಿ ಅವರು. ಮಹಿಳಾ ಅಧಿಕಾರಿಗಳು ಮದುವೆಯಾಗುವ ಮುನ್ನ ಸರ್ಕಾರದಿಂದ ಲಿಖಿತ ಅನುಮತಿ ಪಡೆಯಬೇಕು, ಸಂಸಾರದ ಹೊಣೆಯಿಂದ ಕೆಲಸಕ್ಕೆ ಅಡ್ಡಿಯಾಗುತ್ತದೆ ಎಂದು ಸರ್ಕಾರಕ್ಕೆ ಅನಿಸಿದರೆ ರಾಜೀನಾಮೆ ನೀಡಬೇಕು ಎಂಬ ನಿಯಮ ಆ ಸೇವೆಯಲ್ಲಿತ್ತು. ಪುರುಷ ಅಧಿಕಾರಿಗಳಿಗೆ ಇಂಥ ಕಟ್ಟು ಇರಲಿಲ್ಲ. ಬಡ್ತಿ ನಿರಾಕರಣೆಯಾದಾಗ ಮುತ್ತಮ್ಮ ಸರ್ವೋಚ್ಚ ನ್ಯಾಯಾಲಯದ ಮೊರೆ ಹೋದರು. 1979ರ ತೀರ್ಪಿನಲ್ಲಿ ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಈ ನಿಯಮಗಳನ್ನು ಕಟುವಾಗಿ ಟೀಕಿಸಿದರು. ಅಷ್ಟರಲ್ಲಿ ಮುತ್ತಮ್ಮ ಅವರಿಗೆ ಬಡ್ತಿ ದೊರೆತಿತ್ತು. ನಿಯಮಗಳನ್ನು ಕೈಬಿಡುವುದಾಗಿ ಸರ್ಕಾರವೂ ಒಪ್ಪಿಕೊಂಡಿತು.

ಗಗನಸಖಿಯರು ಮೊದಲ ಬಾರಿ ಗರ್ಭಿಣಿಯಾದೊಡನೆ ಸೇವೆಯಿಂದ ನಿವೃತ್ತರಾಗಬೇಕು ಎಂಬ ಏರ್ ಇಂಡಿಯಾದ ನಿಯಮವನ್ನು ಸರ್ವೋಚ್ಚ ನ್ಯಾಯಾಲಯ 1981ರಲ್ಲಿ ರದ್ದುಪಡಿಸಿತು. ಸೇವೆಗೆ ಸೇರಿದ ನಾಲ್ಕು ವರ್ಷದೊಳಗೆ ಮದುವೆಯಾಗಬಾರದು ಎಂಬ ಇನ್ನೊಂದು ನಿಯಮವನ್ನು ಅದೇ ತೀರ್ಪು ಎತ್ತಿಹಿಡಿಯಿತು. ಒಂದು ಕಾಲಕ್ಕೆ ಸಹಜವೆನಿಸಿದ್ದು ಇನ್ನೊಂದು ಕಾಲಕ್ಕೆ ಅನ್ಯಾಯವೆಂದು ಕಾಣುತ್ತದೆ. ಆ ಕಾಣುವಿಕೆ ಹಂತಹಂತವಾಗಿ ಬರುತ್ತದೆ.

ಮೂರನೆಯದು ವಿಶಾಖಾ ಪ್ರಕರಣ. ರಾಜಸ್ಥಾನ ಸರ್ಕಾರದ ಮಹಿಳಾ ಅಭಿವೃದ್ಧಿ ಕಾರ್ಯಕ್ರಮದಲ್ಲಿ ಸಾಥಿನ್ ಎಂಬ ತಳಮಟ್ಟದ ಕಾರ್ಯಕರ್ತೆಯಾಗಿದ್ದ ಮಹಿಳೆಯೊಬ್ಬರು ಬಾಲ್ಯವಿವಾಹವನ್ನು ತಡೆಯಲು ಯತ್ನಿಸಿದ್ದಕ್ಕಾಗಿ 1992ರಲ್ಲಿ ಸಾಮೂಹಿಕ ಅತ್ಯಾಚಾರಕ್ಕೆ ಒಳಗಾದರು. ಕೆಲಸದ ಕಾರಣದಿಂದಲೇ ಅಪಾಯಕ್ಕೆ ಸಿಲುಕಿದ ಅವರಿಗೆ ರಕ್ಷಣೆ ನೀಡುವ ಕಾನೂನು ಆಗ ಇರಲಿಲ್ಲ. ಮಹಿಳಾ ಸಂಘಟನೆಗಳ ಅರ್ಜಿಯ ಮೇಲೆ 1997ರ ಆಗಸ್ಟ್ 13ರಂದು ಸರ್ವೋಚ್ಚ ನ್ಯಾಯಾಲಯವು ವಿಶಾಖಾ ಮಾರ್ಗಸೂಚಿಗಳನ್ನು ಪ್ರಕಟಿಸಿತು. ಕೆಲಸದ ಸ್ಥಳದ ಸುರಕ್ಷೆ ಮಾಲೀಕರ ಕರ್ತವ್ಯ ಎಂಬ ತತ್ವ ಅದರಿಂದ ಸ್ಪಷ್ಟವಾಯಿತು.

ಭಾರತದ ಕಾನೂನು ಚೌಕಟ್ಟು

ಸಂವಿಧಾನದ 14, 15 ಮತ್ತು 16ನೆಯ ವಿಧಿಗಳು ಸಮಾನತೆಯ ಹಕ್ಕನ್ನು ನೀಡುತ್ತವೆ. 16ನೆಯ ವಿಧಿಯು ಸರ್ಕಾರಿ ಉದ್ಯೋಗಕ್ಕೆ ಸಂಬಂಧಿಸಿದ್ದು. ಖಾಸಗಿ ಮಾಲೀಕರನ್ನು ಮುಖ್ಯವಾಗಿ ಬಿಡಿಬಿಡಿ ಕಾಯಿದೆಗಳು ಕಟ್ಟಿಹಾಕುತ್ತವೆ. ಬ್ರಿಟನ್ನಿನ 2010ರ ಸಮಾನತಾ ಕಾಯಿದೆಯು ವಯಸ್ಸು, ಅಂಗವೈಕಲ್ಯ, ಜನಾಂಗ, ಧರ್ಮ, ಲಿಂಗ ಮೊದಲಾದ ಒಂಬತ್ತು ಲಕ್ಷಣಗಳಿಗೆ ಒಂದೆಡೆಯೇ ರಕ್ಷಣೆ ನೀಡುತ್ತದೆ. ಅಂಥ ಒಂದೇ ಸಮಗ್ರ ಕಾಯಿದೆ ಭಾರತದಲ್ಲಿಲ್ಲ. ಹೀಗಾಗಿ ಇಲ್ಲಿನ ಮಾಲೀಕರು ಹಲವು ಕಾಯಿದೆಗಳನ್ನು ಏಕಕಾಲಕ್ಕೆ ತಿಳಿದಿರಬೇಕಾಗುತ್ತದೆ.

ತರಬೇತಿಯ ದೃಷ್ಟಿಯಿಂದ ಎಲ್ಲಕ್ಕಿಂತ ಮುಖ್ಯವಾದುದು ಕಾರ್ಯಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳವನ್ನು ತಡೆಯುವ 2013ರ ಕಾಯಿದೆ. ವಿಶಾಖಾ ಮಾರ್ಗಸೂಚಿಗಳು ಈ ಮೂಲಕ ಶಾಸನದ ರೂಪ ಪಡೆದವು. ಹತ್ತು ಅಥವಾ ಹೆಚ್ಚು ಮಂದಿ ದುಡಿಯುವ ಪ್ರತಿ ಸ್ಥಳದಲ್ಲಿ ಆಂತರಿಕ ಸಮಿತಿ ಇರಬೇಕು, ಹಿರಿಯ ಮಹಿಳಾ ಉದ್ಯೋಗಿ ಅದರ ಅಧ್ಯಕ್ಷೆಯಾಗಬೇಕು, ಸದಸ್ಯರಲ್ಲಿ ಅರ್ಧದಷ್ಟಾದರೂ ಮಹಿಳೆಯರಿರಬೇಕು, ಹೊರಗಿನ ಒಬ್ಬ ಸದಸ್ಯರೂ ಇರಬೇಕು. ಕಾಯಿದೆಯ 19ನೆಯ ಪ್ರಕರಣವು ಸಿಬ್ಬಂದಿಗೆ ನಿಯತಕಾಲಿಕವಾಗಿ ಕಾರ್ಯಾಗಾರ ಮತ್ತು ಅರಿವಿನ ಕಾರ್ಯಕ್ರಮಗಳನ್ನು, ಸಮಿತಿಯ ಸದಸ್ಯರಿಗೆ ಪ್ರತ್ಯೇಕ ಪರಿಚಯ ಕಾರ್ಯಕ್ರಮಗಳನ್ನು ನಡೆಸುವುದು ಮಾಲೀಕರ ಕರ್ತವ್ಯವೆಂದು ವಿಧಿಸುತ್ತದೆ. ಕಾಯಿದೆಯನ್ನು ಪಾಲಿಸದ ಮಾಲೀಕರಿಗೆ 50,000 ರೂಪಾಯಿಯವರೆಗೆ ದಂಡವಿದೆ. ತಪ್ಪು ಮರುಕಳಿಸಿದರೆ ದಂಡ ಇಮ್ಮಡಿಯಾಗುತ್ತದೆ, ಪರವಾನಗಿಯೂ ರದ್ದಾಗಬಹುದು.

ಅಂಗವಿಕಲರ ಹಕ್ಕುಗಳ 2016ರ ಕಾಯಿದೆಯು 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿ, ಪ್ರತಿ ಸಂಸ್ಥೆಯೂ ಸಮಾನ ಅವಕಾಶ ನೀತಿಯನ್ನು ಪ್ರಕಟಿಸಬೇಕು ಎನ್ನುತ್ತದೆ. ಅಗತ್ಯವಾದ ಯುಕ್ತ ಹೊಂದಾಣಿಕೆಯನ್ನು ನಿರಾಕರಿಸುವುದೂ ಈ ಕಾಯಿದೆಯ ಪ್ರಕಾರ ತಾರತಮ್ಯವೇ. ನೇಮಕಾತಿ ಮತ್ತು ಬಡ್ತಿಯಲ್ಲಿ ಲಿಂಗತ್ವ ಅಲ್ಪಸಂಖ್ಯಾತರ ವಿರುದ್ಧದ ತಾರತಮ್ಯವನ್ನು 2019ರ ಕಾಯಿದೆ ನಿಷೇಧಿಸುತ್ತದೆ. 2021ರಲ್ಲಿ ಕರ್ನಾಟಕವು ಸರ್ಕಾರಿ ನೇಮಕಾತಿಯಲ್ಲಿ ಈ ಸಮುದಾಯಕ್ಕೆ ಶೇ. 1ರಷ್ಟು ಸಮತಲ ಮೀಸಲಾತಿ ನೀಡಿದ ಮೊದಲ ರಾಜ್ಯವಾಯಿತು. ಎಚ್‌ಐವಿ ಸೋಂಕಿನ ಕಾರಣಕ್ಕೆ ಉದ್ಯೋಗ ನಿರಾಕರಿಸುವುದನ್ನು 2017ರ ಕಾಯಿದೆ ತಡೆಯುತ್ತದೆ.

ಒಂದೇ ಬಗೆಯ ಕೆಲಸಕ್ಕೆ ಗಂಡು ಹೆಣ್ಣಿಗೆ ಸಮಾನ ವೇತನ ಎಂಬ 1976ರ ಕಾಯಿದೆಯ ತತ್ವವನ್ನು 2019ರ ವೇತನ ಸಂಹಿತೆಯು ತನ್ನಲ್ಲಿ ಸೇರಿಸಿಕೊಂಡಿದೆ. 2017ರ ತಿದ್ದುಪಡಿಯು ಹೆರಿಗೆ ರಜೆಯನ್ನು 12ರಿಂದ 26 ವಾರಗಳಿಗೆ ಏರಿಸಿತು. ಪರಿಶಿಷ್ಟ ಜಾತಿ ಅಥವಾ ಪಂಗಡದ ವ್ಯಕ್ತಿಯನ್ನು ಸಾರ್ವಜನಿಕರಿಗೆ ಕಾಣುವಂತೆ ಜಾತಿ ಹಿಡಿದು ನಿಂದಿಸುವುದು 1989ರ ದೌರ್ಜನ್ಯ ತಡೆ ಕಾಯಿದೆಯಡಿ ಅಪರಾಧವಾಗಿದೆ. ಕಾರ್ಖಾನೆಯ ಅಂಗಳಕ್ಕೆ ಇದರಿಂದ ವಿನಾಯಿತಿಯಿಲ್ಲ.

ಮಾಲೀಕರು ತರಬೇತಿ ನೀಡಬೇಕಾದ ಕಾರಣಗಳು

ಮೊದಲನೆಯ ಕಾರಣ, ಕಾನೂನನ್ನು ಪಾಲಿಸುವವರು ವ್ಯಕ್ತಿಗಳೇ ಹೊರತು ಕಡತಗಳಲ್ಲ. ಸಮಾನ ಅವಕಾಶ ನೀತಿಗೆ ನಿರ್ದೇಶಕರು ಸಹಿ ಹಾಕಬಹುದು. ಆದರೆ ರಜೆಯ ಅರ್ಜಿಯನ್ನು ತಿರಸ್ಕರಿಸುವವನು ಸೂಪರ್‌ವೈಸರ್, ಗೇಟಿನಲ್ಲಿ ತಡೆಯುವವನು ಕಾವಲುಗಾರ, ಸಂದರ್ಶನದಲ್ಲಿ ಮದುವೆ ಯಾವಾಗ ಎಂದು ಕೇಳುವವರು ವಿಭಾಗದ ಮುಖ್ಯಸ್ಥರು. ಇವರಿಗೆ ತಿಳಿಸದ ನೀತಿ ಇಲ್ಲದ ನೀತಿಗೆ ಸಮ.

ಎರಡನೆಯ ಕಾರಣ ಹೊಣೆಗಾರಿಕೆ. ಬ್ರಿಟನ್ನಿನ ಕಾಯಿದೆಯ ಪ್ರಕಾರ ಉದ್ಯೋಗಿಯು ಕೆಲಸದ ಸಂದರ್ಭದಲ್ಲಿ ಎಸಗಿದ ತಾರತಮ್ಯಕ್ಕೆ ಮಾಲೀಕರೂ ಹೊಣೆಯಾಗುತ್ತಾರೆ. ತಡೆಯಲು ಬೇಕಾದ ಎಲ್ಲ ಸಮಂಜಸ ಕ್ರಮಗಳನ್ನು ಕೈಗೊಂಡಿದ್ದೆವು ಎಂದು ಸಾಬೀತುಪಡಿಸಿದರೆ ಮಾತ್ರ ಅವರಿಗೆ ಬಿಡುಗಡೆ. 2021ರಲ್ಲಿ ಅಲ್ಲಿನ ಉದ್ಯೋಗ ಮೇಲ್ಮನವಿ ನ್ಯಾಯಮಂಡಳಿ ನಿರ್ಣಯಿಸಿದ ಪ್ರಕರಣವೊಂದು ಇಲ್ಲಿ ಬೋಧಪ್ರದವಾಗಿದೆ. ಭಾರತೀಯ ಮೂಲದ ಉದ್ಯೋಗಿಯೊಬ್ಬರು ಸಹೋದ್ಯೋಗಿಯ ಜನಾಂಗೀಯ ಹೀಯಾಳಿಕೆಗೆ ಗುರಿಯಾಗಿದ್ದರು. ಸಂಸ್ಥೆಯು ತಾನು ತರಬೇತಿ ನೀಡಿದ್ದಾಗಿ ವಾದಿಸಿತು. ಆ ತರಬೇತಿ ನಡೆದದ್ದು 2015ರ ಆರಂಭದಲ್ಲಿ. ಕಿರುಕುಳ ನಡೆದದ್ದು ಅದರ ಮುಂದಿನ ವರ್ಷಗಳಲ್ಲಿ. ವಿಷಯ ಕಿವಿಗೆ ಬಿದ್ದ ಮೇಲಧಿಕಾರಿಗಳೂ ಸುಮ್ಮನಿದ್ದರು. ತರಬೇತಿಯ ಪರಿಣಾಮ ಹಳಸಿಹೋಗಿತ್ತು, ಅದನ್ನು ನವೀಕರಿಸಬೇಕಿತ್ತು ಎಂದು ಹೇಳಿ ಮಂಡಳಿಯು ಸಂಸ್ಥೆಯ ವಾದವನ್ನು ತಳ್ಳಿಹಾಕಿತು. ಒಮ್ಮೆ ನಡೆಸಿ ಹಾಜರಾತಿ ಪಟ್ಟಿಯನ್ನು ಭದ್ರಪಡಿಸಿಕೊಳ್ಳುವ ಪದ್ಧತಿಗೆ ಈ ನಿರ್ಣಯ ಎಚ್ಚರಿಕೆಯಾಗಿದೆ.

ಮೂರನೆಯ ಕಾರಣ ಆಯ್ಕೆಯ ಗುಣಮಟ್ಟ. ಸುಖದೇವ್ ಥೋರಟ್ ಮತ್ತು ಪಾಲ್ ಅಟ್ವೆಲ್ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಭಾರತದ ಖಾಸಗಿ ಸಂಸ್ಥೆಗಳ ಜಾಹೀರಾತುಗಳಿಗೆ ಸಮಾನ ಅರ್ಹತೆಯ ಅರ್ಜಿಗಳನ್ನು ಕಳುಹಿಸಲಾಯಿತು. ಅರ್ಜಿದಾರರ ಹೆಸರು ಮಾತ್ರ ಬೇರೆಬೇರೆಯಾಗಿತ್ತು. ಮುಂದಿನ ಹಂತಕ್ಕೆ ಕರೆ ಬರುವ ಸಂಭವದ ಅನುಪಾತವು, ಮೇಲ್ಜಾತಿಯ ಹಿಂದೂ ಹೆಸರಿಗೆ ಹೋಲಿಸಿದರೆ ದಲಿತ ಹೆಸರಿಗೆ ಸುಮಾರು 0.67 ಮತ್ತು ಮುಸ್ಲಿಂ ಹೆಸರಿಗೆ ಸುಮಾರು 0.33 ಆಗಿತ್ತು. ಅರ್ಹತೆ ಒಂದೇ ಇದ್ದಾಗ ಹೆಸರು ನೋಡಿ ಅರ್ಜಿ ಬದಿಗಿಡುವ ಸಂಸ್ಥೆಯು ಅಭ್ಯರ್ಥಿಗೆ ಅನ್ಯಾಯ ಮಾಡುವುದರ ಜೊತೆಗೆ ಯೋಗ್ಯರನ್ನೂ ಕಳೆದುಕೊಳ್ಳುತ್ತದೆ.

ನಾಲ್ಕನೆಯ ಕಾರಣ ಗ್ರಾಹಕ ಸೇವೆಗೆ ಸಂಬಂಧಿಸಿದ್ದು. ಸೆರೆಬ್ರಲ್ ಪಾಲ್ಸಿ ಇರುವ, ಅಂಗವಿಕಲರ ಹಕ್ಕುಗಳ ಹೋರಾಟಗಾರ್ತಿ ಜೀಜಾ ಘೋಷ್ ಅವರನ್ನು 2012ರಲ್ಲಿ ಕೋಲ್ಕತ್ತದಿಂದ ಗೋವಾಕ್ಕೆ ಹೊರಟಿದ್ದ ಖಾಸಗಿ ವಿಮಾನದಿಂದ ಸಿಬ್ಬಂದಿ ಕೆಳಗಿಳಿಸಿದರು. ಆಸನದಲ್ಲಿ ಕುಳಿತಿದ್ದ ಪ್ರಯಾಣಿಕರ ದೇಹಭಾಷೆಯನ್ನು ಕಾಯಿಲೆಯೆಂದು ತಪ್ಪಾಗಿ ತಿಳಿದದ್ದೇ ಇದಕ್ಕೆ ಕಾರಣ. 2016ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅವರಿಗೆ 10 ಲಕ್ಷ ರೂಪಾಯಿ ಪರಿಹಾರ ಕೊಡಿಸಿತು. ಅಂಗವೈಕಲ್ಯ ಯಾವುದು, ಅನಾರೋಗ್ಯ ಯಾವುದು ಎಂಬುದನ್ನು ಆ ಸಿಬ್ಬಂದಿಗೆ ಮೊದಲೇ ಹೇಳಿಕೊಟ್ಟಿದ್ದರೆ ತಪ್ಪಬಹುದಾಗಿದ್ದ ಅವಮಾನ ಅದು.

ಐದನೆಯ ಕಾರಣ ಆಂತರಿಕ ನೆಮ್ಮದಿ. ಕುಹಕದ ಮಾತೊಂದನ್ನು ಆರಂಭದಲ್ಲೇ ಸೌಮ್ಯವಾಗಿ ತಿದ್ದುವುದು ಸುಲಭ. ಅದು ಬೆಳೆದು ದೂರು, ವಿಚಾರಣೆ, ಮೊಕದ್ದಮೆಯಾದ ಮೇಲೆ ಎರಡೂ ಕಡೆಯವರ ವರ್ಷಗಳು ಹಾಳಾಗುತ್ತವೆ. ನುರಿತ ಕೆಲಸಗಾರರು ಬೇಸತ್ತು ಬಿಟ್ಟುಹೋದರೆ ಹೊಸಬರನ್ನು ಹುಡುಕಿ ಪಳಗಿಸುವ ವೆಚ್ಚವೂ ಮಾಲೀಕರ ಮೇಲೆಯೇ ಬೀಳುತ್ತದೆ.

ತರಬೇತಿ ನಡೆಯುವ ಬಗೆ

ತರಬೇತಿಯು ಸಾಮಾನ್ಯವಾಗಿ ಮೂರು ಸ್ತರಗಳಲ್ಲಿ ನಡೆಯುತ್ತದೆ. ಮೊದಲ ಸ್ತರವು ಎಲ್ಲ ಸಿಬ್ಬಂದಿಗೆ ಸೇರಿದ್ದು. ಹಕ್ಕುಗಳು ಯಾವುವು, ಯಾವ ನಡವಳಿಕೆ ಸಲ್ಲದು, ದೂರು ಎಲ್ಲಿ ಕೊಡಬೇಕು ಎಂಬುದನ್ನು ಇಲ್ಲಿ ತಿಳಿಸಲಾಗುತ್ತದೆ. ಲೈಂಗಿಕ ಕಿರುಕುಳದ ದೂರನ್ನು ಸಾಮಾನ್ಯವಾಗಿ ಘಟನೆ ನಡೆದ ಮೂರು ತಿಂಗಳೊಳಗೆ ಲಿಖಿತವಾಗಿ ಸಲ್ಲಿಸಬೇಕು, ಸಮಿತಿಯು 90 ದಿನಗಳೊಳಗೆ ವಿಚಾರಣೆ ಮುಗಿಸಬೇಕು, ಸಂಸ್ಥೆಯ ವಾಹನವೂ ಕಾರ್ಯಸ್ಥಳವೇ, ದಿನಗೂಲಿ ಮತ್ತು ಗುತ್ತಿಗೆ ಕೆಲಸಗಾರರಿಗೂ ರಕ್ಷಣೆಯಿದೆ ಎಂಬ ವಿವರಗಳು ಇಲ್ಲಿನ ಮುಖ್ಯ ಪಾಠಗಳು.

ಎರಡನೆಯ ಸ್ತರವು ಅಧಿಕಾರ ಉಳ್ಳವರಿಗೆ, ಅಂದರೆ ಸಂದರ್ಶಕರು, ಸೂಪರ್‌ವೈಸರ್‌ಗಳು ಮತ್ತು ವ್ಯವಸ್ಥಾಪಕರಿಗೆ ಮೀಸಲು. ಎಲ್ಲ ಅಭ್ಯರ್ಥಿಗಳಿಗೂ ಒಂದೇ ಪ್ರಶ್ನಾವಳಿ ಬಳಸುವುದು, ಚರ್ಚೆಗೆ ಮುನ್ನ ಪ್ರತಿಯೊಬ್ಬ ಸಂದರ್ಶಕರೂ ಪ್ರತ್ಯೇಕವಾಗಿ ಅಂಕ ಬರೆಯುವುದು, ಮದುವೆ ಮತ್ತು ಬಸಿರಿನ ಪ್ರಶ್ನೆಗಳನ್ನು ಕೈಬಿಡುವುದು, ಕೆಲಸದ ಹಂಚಿಕೆಯ ದಾಖಲೆಯನ್ನು ಆಗಾಗ ಪರಿಶೀಲಿಸುವುದು ಮುಂತಾದ ಕ್ರಮಗಳನ್ನು ಇಲ್ಲಿ ಅಭ್ಯಾಸ ಮಾಡಿಸಲಾಗುತ್ತದೆ. ಪೂರ್ವಗ್ರಹವನ್ನು ಮನಸ್ಸಿನಿಂದ ಅಳಿಸುವುದು ಕಷ್ಟ. ಆದರೆ ಅದು ನಿರ್ಧಾರದೊಳಗೆ ನುಸುಳುವ ದಾರಿಗಳನ್ನು ಮುಚ್ಚಬಹುದು.

ಮೂರನೆಯ ಸ್ತರವು ಆಂತರಿಕ ಸಮಿತಿಯ ಸದಸ್ಯರಿಗಾಗಿ ಇದೆ. ಗೋಪ್ಯತೆ ಕಾಪಾಡುವುದು, ಇಬ್ಬರ ಮಾತನ್ನೂ ಕೇಳುವುದು, ಸಾಕ್ಷ್ಯವನ್ನು ದಾಖಲಿಸುವುದು, ಸಹಜ ನ್ಯಾಯದ ತತ್ವಗಳನ್ನು ಪಾಲಿಸುವುದು ಇದರ ವಿಷಯಗಳು. ವಿಚಾರಣೆಯ ವಿಧಾನ ತಪ್ಪಿದರೆ ನಿಜವಾದ ದೂರೂ ನ್ಯಾಯಾಲಯದಲ್ಲಿ ಬಿದ್ದುಹೋಗುತ್ತದೆ. 2023ರ ಮೇ ತಿಂಗಳಲ್ಲಿ ಗೋವಾ ವಿಶ್ವವಿದ್ಯಾಲಯಕ್ಕೆ ಸಂಬಂಧಿಸಿದ ಪ್ರಕರಣದ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಆತುರದ ವಿಚಾರಣೆಯ ಆಧಾರದ ಮೇಲೆ ಕೈಗೊಂಡ ವಜಾ ಕ್ರಮವನ್ನು ರದ್ದುಪಡಿಸಿತು. ಲೈಂಗಿಕ ಕಿರುಕುಳ ತಡೆ ಕಾಯಿದೆಯ ಜಾರಿಯಲ್ಲಿನ ಲೋಪಗಳ ಬಗ್ಗೆ ಕಳವಳ ವ್ಯಕ್ತಪಡಿಸಿ, ಸಮಿತಿಗಳ ರಚನೆಯನ್ನು ಪರಿಶೀಲಿಸುವಂತೆಯೂ ಅರಿವಿನ ಕಾರ್ಯಕ್ರಮಗಳನ್ನು ನಡೆಸುವಂತೆಯೂ ನಿರ್ದೇಶಿಸಿತು.

ಭಾಷೆಯ ಆಯ್ಕೆಯೂ ತರಬೇತಿಯ ಯಶಸ್ಸನ್ನು ನಿರ್ಧರಿಸುತ್ತದೆ. ಬೆಂಗಳೂರಿನ ಕಚೇರಿಯೊಂದರಲ್ಲಿ ಇಂಗ್ಲಿಷಿನ ಸ್ಲೈಡುಗಳನ್ನು ತೋರಿಸಿದರೆ ಎಂಜಿನಿಯರುಗಳಿಗೆ ತಿಳಿದೀತು. ಅದೇ ಕಟ್ಟಡದ ಸ್ವಚ್ಛತಾ ಸಿಬ್ಬಂದಿಗೆ, ಕ್ಯಾಂಟೀನಿನವರಿಗೆ, ಚಾಲಕರಿಗೆ ತಿಳಿಯಲಾರದು. ಕನ್ನಡದಲ್ಲಿ, ಅಗತ್ಯವಿದ್ದೆಡೆ ವಲಸೆ ಬಂದವರ ಭಾಷೆಗಳಲ್ಲಿ, ಚಿತ್ರ ಮತ್ತು ಚಿಕ್ಕ ಪ್ರಹಸನಗಳ ಸಹಾಯದಿಂದ ಹೇಳಿದ ಪಾಠ ಹೆಚ್ಚು ಕಾಲ ನೆನಪಿನಲ್ಲಿ ಉಳಿಯುತ್ತದೆ.

ಬಳಕೆಯ ಕ್ಷೇತ್ರಗಳು

ಮಾಹಿತಿ ತಂತ್ರಜ್ಞಾನ ಸಂಸ್ಥೆಗಳಲ್ಲಿ ತರಬೇತಿಯು ಬಹುಮಟ್ಟಿಗೆ ಆನ್‌ಲೈನ್ ಪಾಠಗಳ ರೂಪದಲ್ಲಿದೆ. ಬೇರೆಬೇರೆ ರಾಜ್ಯಗಳ ಮತ್ತು ದೇಶಗಳ ಸಿಬ್ಬಂದಿ ಒಂದೇ ತಂಡದಲ್ಲಿ ದುಡಿಯುವುದರಿಂದ ಭಾಷೆ, ಉಚ್ಚಾರಣೆ, ಆಹಾರ ಮತ್ತು ಹಬ್ಬಗಳಿಗೆ ಸಂಬಂಧಿಸಿದ ಸೂಕ್ಷ್ಮಗಳು ಇಲ್ಲಿ ಪಾಠದ ಭಾಗವಾಗುತ್ತವೆ.

ಸಿದ್ಧ ಉಡುಪು ಕಾರ್ಖಾನೆಗಳ ಸ್ಥಿತಿ ಬೇರೆ. ಬೆಂಗಳೂರಿನ ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆಯ ಆಸುಪಾಸಿನಿಂದ ರಾಮನಗರ, ಮಂಡ್ಯದ ಕಡೆಗೂ ಹರಡಿರುವ ಗಾರ್ಮೆಂಟ್ಸ್ ಉದ್ಯಮದಲ್ಲಿ ಹೊಲಿಗೆ ಯಂತ್ರದ ಮುಂದೆ ಕೂರುವವರಲ್ಲಿ ಹೆಚ್ಚಿನವರು ಮಹಿಳೆಯರು. ಗಂಟೆಗೆ ಇಷ್ಟು ಉಡುಪು ಎಂಬ ಗುರಿ ಮುಟ್ಟದಿದ್ದಾಗ ಬೈಗುಳ ಮೊದಲು ಹೊರಡುವುದು ಸೂಪರ್‌ವೈಸರನ ಬಾಯಿಂದ. ಆದ್ದರಿಂದ ಇಲ್ಲಿ ಗುರಿಯ ಒತ್ತಡವನ್ನು ಅವಮಾನವಿಲ್ಲದೆ ನಿಭಾಯಿಸುವ ಕೌಶಲವನ್ನು ಸೂಪರ್‌ವೈಸರ್‌ಗಳಿಗೆ ಕಲಿಸಬೇಕಾಗುತ್ತದೆ. ಈಡೇರಿಸಲಾಗದ ಗುರಿಯನ್ನು ನಿಗದಿಪಡಿಸಿದ ಮೇಲಿನವರಿಗೂ ಅದೇ ಪಾಠ ಬೇಕು.

ಆಸ್ಪತ್ರೆಗಳಲ್ಲಿ ರೋಗಿಗಳ ಜೊತೆಗಿನ ವರ್ತನೆಯೂ, ಪೊಲೀಸ್ ಠಾಣೆ ಮತ್ತು ಸರ್ಕಾರಿ ಕಚೇರಿಗಳಲ್ಲಿ ಸಾರ್ವಜನಿಕರ ಜೊತೆಗಿನ ವರ್ತನೆಯೂ ತರಬೇತಿಯ ವ್ಯಾಪ್ತಿಗೆ ಬರುತ್ತವೆ. ಹತ್ತಕ್ಕಿಂತ ಕಡಿಮೆ ಜನರಿರುವ ಅಂಗಡಿ ಮತ್ತು ವರ್ಕ್‌ಶಾಪುಗಳ ಕೆಲಸಗಾರರಿಗೂ ಮನೆಗೆಲಸದವರಿಗೂ ಲೈಂಗಿಕ ಕಿರುಕುಳದ ದೂರು ನೀಡಲು ಜಿಲ್ಲಾಮಟ್ಟದ ಸ್ಥಳೀಯ ಸಮಿತಿ ಇದೆ. ಮಾಲೀಕರ ವಿರುದ್ಧವೇ ದೂರಿದ್ದಾಗಲೂ ಅಲ್ಲಿಗೇ ಹೋಗಬೇಕು.

ಪರಿಣಾಮ ಮತ್ತು ಮಿತಿಗಳು

ತರಬೇತಿಯೊಂದರಿಂದಲೇ ಸಂಸ್ಥೆ ಬದಲಾಗುತ್ತದೆ ಎಂಬ ನಿರೀಕ್ಷೆಯನ್ನು ಸಂಶೋಧನೆ ಬೆಂಬಲಿಸುವುದಿಲ್ಲ. ಅಲೆಕ್ಸಾಂಡ್ರಾ ಕಲೆವ್, ಫ್ರಾಂಕ್ ಡಾಬಿನ್ ಮತ್ತು ಎರಿನ್ ಕೆಲ್ಲಿ ಅಮೆರಿಕದ 708 ಖಾಸಗಿ ಸಂಸ್ಥೆಗಳ ಮೂರು ದಶಕಗಳ ದಾಖಲೆಗಳನ್ನು ಪರಿಶೀಲಿಸಿ 2006ರಲ್ಲಿ ತಮ್ಮ ಅಧ್ಯಯನವನ್ನು ಪ್ರಕಟಿಸಿದರು. ವ್ಯವಸ್ಥಾಪಕ ಹುದ್ದೆಗಳಲ್ಲಿ ವೈವಿಧ್ಯ ಹೆಚ್ಚಿಸುವಲ್ಲಿ ಬಿಡಿ ತರಬೇತಿಯ ಪರಿಣಾಮ ಅತ್ಯಲ್ಪವೆಂದು ಅವರು ಕಂಡುಕೊಂಡರು. ಹೊಣೆ ಹೊತ್ತ ಅಧಿಕಾರಿ ಅಥವಾ ಸಮಿತಿಯನ್ನು ನೇಮಿಸಿದ ಸಂಸ್ಥೆಗಳಲ್ಲಿ ಫಲ ಹೆಚ್ಚಾಗಿತ್ತು. ಅಂಥ ಕಡೆ ತರಬೇತಿಯೂ ಹೆಚ್ಚು ಪರಿಣಾಮಕಾರಿಯಾಗಿತ್ತು.

2019ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ ಬಹುರಾಷ್ಟ್ರೀಯ ಸಂಸ್ಥೆಯೊಂದರ ಸುಮಾರು 3,000 ಉದ್ಯೋಗಿಗಳನ್ನು ಒಳಗೊಂಡು ಒಂದು ಗಂಟೆಯ ಆನ್‌ಲೈನ್ ತರಬೇತಿಯನ್ನು ಪರೀಕ್ಷಿಸಲಾಯಿತು. ಕೆಲವರ ಅಭಿಪ್ರಾಯಗಳಲ್ಲಿ ಬದಲಾವಣೆ ಕಂಡಿತು. ನಡವಳಿಕೆಯಲ್ಲಿ ಕಂಡ ಬದಲಾವಣೆ ಅಲ್ಪ. 2018ರ ಮೇ 29ರಂದು ಸ್ಟಾರ್‌ಬಕ್ಸ್ ಸಂಸ್ಥೆಯು ಅಮೆರಿಕದ ತನ್ನ ಸುಮಾರು 8,000 ಮಳಿಗೆಗಳನ್ನು ಒಂದು ಮಧ್ಯಾಹ್ನ ಮುಚ್ಚಿ ಸಿಬ್ಬಂದಿಗೆ ತರಬೇತಿ ನೀಡಿದಾಗಲೂ, ಅರ್ಧ ದಿನದ ಪಾಠದಿಂದ ಎಷ್ಟು ಬದಲಾಗಬಹುದು ಎಂಬ ಚರ್ಚೆ ನಡೆಯಿತು.

ತರಬೇತಿಗೆ ಬಂದವರನ್ನು ತಪ್ಪಿತಸ್ಥರಂತೆ ಕಂಡರೆ ಅವರಲ್ಲಿ ಹಟ ಹುಟ್ಟುತ್ತದೆ ಎಂಬುದು ಇನ್ನೊಂದು ಮಿತಿ. ಯಾವ ಸಮುದಾಯವು ಹೇಗೆ ಎಂದು ವರ್ಣಿಸುವ ಪಾಠಗಳು ಹಳೆಯ ಕಲ್ಪನೆಗಳನ್ನೇ ಗಟ್ಟಿಗೊಳಿಸುವ ಅಪಾಯವೂ ಇದೆ. ಈ ಕಾರಣಗಳಿಂದ ತರಬೇತಿಯನ್ನು ಕೈಬಿಡಬೇಕಾಗಿಲ್ಲ. ಅದನ್ನು ಹೊಣೆಗಾರಿಕೆಯೊಂದಿಗೆ ಜೋಡಿಸಬೇಕಾಗಿದೆ.

ಉತ್ತಮ ತರಬೇತಿಯನ್ನು ಅಳೆಯುವುದು

ಹಾಜರಾತಿಯ ಸಂಖ್ಯೆಯು ತರಬೇತಿ ನಡೆದದ್ದಕ್ಕೆ ಪುರಾವೆ, ಫಲಿಸಿದ್ದಕ್ಕೆ ಅಲ್ಲ. ನೇಮಕಾತಿ, ಬಡ್ತಿ, ವೇತನ ಮತ್ತು ರಾಜೀನಾಮೆಯ ಅಂಕಿಗಳನ್ನು ಗುಂಪುವಾರು ಹೋಲಿಸುವುದು ಹೆಚ್ಚು ವಿಶ್ವಾಸಾರ್ಹ ವಿಧಾನ. ಅಂಕಿಗಳಲ್ಲಿ ಕಂಡ ಅಂತರಕ್ಕೆ ನಿರ್ದಿಷ್ಟ ಅಧಿಕಾರಿಯೊಬ್ಬರು ಉತ್ತರ ನೀಡುವಂತಿರಬೇಕು. ತರಬೇತಿಯ ನಂತರ ದೂರುಗಳು ಮೊದಲಿಗಿಂತ ಹೆಚ್ಚಾದರೆ ಮಾಲೀಕರು ಗಾಬರಿಯಾಗುವುದುಂಟು. ಅದುವರೆಗೆ ಮೌನವಾಗಿದ್ದವರಿಗೆ ವ್ಯವಸ್ಥೆಯ ಮೇಲೆ ನಂಬಿಕೆ ಬಂದುದರ ಸೂಚನೆಯೂ ಅದಾಗಿರಬಹುದು. ಇಡೀ ವರ್ಷ ಒಂದೂ ದೂರು ಬರಲಿಲ್ಲ ಎಂಬ ವರದಿಯನ್ನು ಅಷ್ಟೇ ಎಚ್ಚರದಿಂದ ಓದಬೇಕು.

ಎಲ್ಲಕ್ಕಿಂತ ಸರಳವಾದ ಪರೀಕ್ಷೆಗೆ ಅಂಕಿಗಳೂ ಬೇಡ. ಆಂತರಿಕ ಸಮಿತಿಯನ್ನು ರಚಿಸಿದ ಆದೇಶವನ್ನು ಎದ್ದುಕಾಣುವ ಸ್ಥಳದಲ್ಲಿ ಪ್ರದರ್ಶಿಸಬೇಕು ಎಂದು 2013ರ ಕಾಯಿದೆ ಹೇಳುತ್ತದೆ, ಬಹಳಷ್ಟು ಕಡೆ ಸೂಚನಾ ಫಲಕದಲ್ಲಿ ಅದು ಇರುತ್ತದೆ. ಎಲ್ಲರೂ ಮನೆಗೆ ಹೊರಟ ಮೇಲೆ ಆ ಫಲಕದ ಧೂಳು ಒರೆಸುವ ಗುತ್ತಿಗೆ ಕೆಲಸದಾಕೆಯನ್ನು, ಯಾರಾದರೂ ತೊಂದರೆ ಕೊಟ್ಟರೆ ನೀವು ಯಾರಿಗೆ ಹೇಳುತ್ತೀರಿ ಎಂದು ಕೇಳಬೇಕು. ಆಕೆ ಒಂದು ಹೆಸರನ್ನು ಹೇಳಬಲ್ಲಳಾದರೆ ಆ ಸಂಸ್ಥೆಯಲ್ಲಿ ತರಬೇತಿ ನಡೆದಿದೆ ಎನ್ನಬಹುದು.